ನಕ್ಷೆಯಲ್ಲಿ ಹಸಿರು, ನೆಲದಲ್ಲಿ ಸೈಟು

ಹೋದ ಯುಗಾದಿಗೆ ಊರಿಗೆ ಹೋಗಿದ್ದಾಗ ನಮ್ಮ ಚಿಕ್ಕಪ್ಪ ಒಂದು ಬಣ್ಣದ ಕಾಗದ ತಂದು ನನ್ನ ಮುಂದೆ ಹರಡಿದರು. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹುಡುಗ ಕೈಗಿಟ್ಟು ಹೋದನಂತೆ. ಹೊಸ ಲೇಔಟಿನ ನಕ್ಷೆ. ಹಳದಿ ಚೌಕಗಳು ಸೈಟುಗಳು, ಬೂದು ಪಟ್ಟಿಗಳು ರಸ್ತೆ, ಒಂದು ಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನ.

"ನೋಡಪ್ಪಾ, ಇದು ಪಾರ್ಕ್ ಎದುರಿನ ಸೈಟು. ಅದಕ್ಕೇ ಚದರಡಿಗೆ ಸ್ವಲ್ಪ ಜಾಸ್ತಿ ಹೇಳ್ತಾವ್ರೆ. ತಗೊಳ್ಳೋದಾ?"

"ಆ ಪಾರ್ಕು ಯಾರ ಹೆಸರಲ್ಲಿದೆ ಚಿಕ್ಕಪ್ಪ?" ಅಂತ ಕೇಳಿದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಪಾರ್ಕ್ ಯಾರ ಹೆಸರಲ್ಲಿರ್ತದೆ? ಪಾರ್ಕು ಪಾರ್ಕೇ!"

ಕೇಳಿದವನು ನಾನೇ ಆದರೂ ಉತ್ತರ ನನಗೂ ಗೊತ್ತಿರಲಿಲ್ಲ. ಊರಿನ ಖಾಲಿ ಜಾಗ ಅಂದರೆ ಯಾರದು? ಹಿಂದೆ ಅದನ್ನು ಯಾರು ಕಾಯುತ್ತಿದ್ದರು? ಈಗಿನ ಕಾನೂನು ಏನು ಹೇಳುತ್ತದೆ? ವಾಪಸ್ ಬಂದ ಮೇಲೆ ಒಂದಿಷ್ಟು ಓದಿದೆ. ಓದಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಸ್ವಲ್ಪ ಉದ್ದವಾಯಿತು, ಬೇಜಾರು ಮಾಡಿಕೊಳ್ಳಬೇಡಿ.

*

ಮೊದಲು ನಮ್ಮ ಸೀಮೆಯ ಬಗ್ಗೆ ಎರಡು ಮಾತು. ನಂದಿ ಬೆಟ್ಟದ ಸಾಲು ಮತ್ತು ಅದರ ಆಸುಪಾಸಿನ ಗುಡ್ಡಗಳು ಎಷ್ಟೊಂದು ಹೊಳೆಗಳ ತವರು! ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ... ಸ್ಕೂಲಿನಲ್ಲಿ ಇವುಗಳ ಹೆಸರನ್ನು ಉರು ಹೊಡೆದಿದ್ದೇವೆ. ಆದರೆ ವರ್ಷವಿಡೀ ಹರಿಯುವ ಹೊಳೆ ನಮ್ಮಲ್ಲಿ ಒಂದೂ ಇಲ್ಲ. ಗೌರಿಬಿದನೂರಿನ ಪಕ್ಕದಲ್ಲೇ ಉತ್ತರ ಪಿನಾಕಿನಿ ಇದೆ, ಬಹಳ ವರ್ಷ ಅಲ್ಲಿ ನೀರಿಗಿಂತ ಮರಳಿನ ಲಾರಿಗಳೇ ಸುದ್ದಿಯಲ್ಲಿದ್ದವು.

ಹಾಗಾಗಿ ನಮ್ಮ ಊರುಗಳು ನೆಚ್ಚಿಕೊಂಡದ್ದು ಕೆರೆಯನ್ನು. ಚಿಕ್ಕಬಳ್ಳಾಪುರಕ್ಕೆ ಕಂದವಾರ ಕೆರೆ, ಶಿಡ್ಲಘಟ್ಟಕ್ಕೆ ಗೌಡನ ಕೆರೆ, ಅಮ್ಮನ ಕೆರೆ, ಚಿಂತಾಮಣಿಗೆ ಕನ್ನಂಪಲ್ಲಿ ಕೆರೆ, ನೆಕ್ಕುಂದಿ ಕೆರೆ. ಕೆರೆ ಅಂದ ಕೂಡಲೇ ನಮಗೆ ಏರಿ, ತೂಬು, ಕೋಡಿ ನೆನಪಾಗುತ್ತದೆ. ಆದರೆ ಕೆರೆಗೆ ನೀರು ಬರುವುದು ಅದರ ಮೇಲ್ಭಾಗದಲ್ಲಿರುವ ಬಯಲಿನಿಂದ. ಗುಡ್ಡದ ಇಳಿಜಾರು, ದನ ಮೇಯುವ ಗೋಮಾಳ, ಗುಂಡುತೋಪು, ಅವುಗಳ ನಡುವೆ ಹಾದು ಬರುವ ರಾಜಕಾಲುವೆ. ಈ ಬಯಲು ಮುಚ್ಚಿದರೆ ಏರಿ ಎಷ್ಟು ಗಟ್ಟಿಯಾಗಿದ್ದರೂ ಕೆರೆ ಒಣಗುತ್ತದೆ. ಬೇರೆ ಊರಿನಲ್ಲಿ ಖಾಲಿ ಜಾಗ ಅಂದರೆ ವಾಕಿಂಗ್ ಮಾಡಲು, ಮಕ್ಕಳು ಆಡಲು. ನಮ್ಮಲ್ಲಿ ಅದು ಕುಡಿಯುವ ನೀರಿನ ಪ್ರಶ್ನೆ.

ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ ನೋಡಿ (ಆಗ ನಮ್ಮ ತಾಲ್ಲೂಕುಗಳೆಲ್ಲ ಕೋಲಾರಕ್ಕೇ ಸೇರಿದ್ದವು. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ). ಕೆರೆ ಕಟ್ಟಿಸಿದವರಿಗೆ, ಕೆರೆ ನೋಡಿಕೊಳ್ಳುವವರಿಗೆ ಜಮೀನು ಬಿಟ್ಟುಕೊಟ್ಟ ಶಾಸನಗಳು ಅದರಲ್ಲಿ ಸಿಗುತ್ತವೆ. ಇದಕ್ಕೆ 'ಕಟ್ಟುಕೊಡಗೆ' ಅಂತ ಹೆಸರು. ತೂಬು ಎತ್ತಿ ಇಳಿಸಿ ನೀರು ಹಂಚಲು ನೀರುಗಂಟಿ ಇರುತ್ತಿದ್ದ. ಅವನಿಗೂ ಬೆಳೆಯಲ್ಲಿ ಪಾಲು. ಅಂದರೆ ಆ ಜಾಗ ಉಳಿದರೆ ಯಾರ ಹೊಟ್ಟೆ ತುಂಬುತ್ತದೆ ಅನ್ನುವುದು ಊರಿಗೆಲ್ಲ ತಿಳಿದಿತ್ತು. ಹೊಟ್ಟೆ ತುಂಬುವವನೇ ಕಾವಲುಗಾರ.

ಆ ಕಾಲವೇ ಚಿನ್ನದ ಕಾಲ ಅಂತ ನಾನು ಹೇಳುತ್ತಿಲ್ಲ. ಊರ ತೋಪು ಊರಿನ ಎಲ್ಲರದೂ ಆಗಿರಲಿಲ್ಲ. ಯಾರು ಯಾವ ಬಾವಿಯಿಂದ ನೀರು ಸೇದಬಹುದು ಅನ್ನುವುದನ್ನು ಜಾತಿ ನಿರ್ಧರಿಸುತ್ತಿತ್ತು. ಇದನ್ನು ಮರೆತು 'ನಮ್ಮ ಪೂರ್ವಜರು ಎಷ್ಟು ಜಾಣರು' ಅಂತ ಬರೆದರೆ ಅರ್ಧ ಸತ್ಯ ಬರೆದಂತೆ.

*

ಬ್ರಿಟಿಷರ ಕಾಲದ ಸರ್ವೆ ಬಂದ ಮೇಲೆ ಈ ಬಯಲುಗಳು ಪುಸ್ತಕಕ್ಕೆ ಏರಿದವು. ಸಾಗುವಳಿಗೆ ಬಾರದ ಭೂಮಿಗೆ 'ಖರಾಬು' ಅಂತ ಹೆಸರು ಬಿತ್ತು. ಅದರಲ್ಲಿ ಎರಡು ಬಗೆ. ಕಲ್ಲು ಬಂಡೆ ಇದ್ದು ಉಳಲು ಆಗದ್ದು 'ಎ' ಖರಾಬು. ದಾರಿ, ಹಳ್ಳ, ಕೆರೆ, ಸ್ಮಶಾನದಂತೆ ಸಾರ್ವಜನಿಕರಿಗೆ ಮೀಸಲಾದ್ದು 'ಬಿ' ಖರಾಬು. ಪಹಣಿಯಲ್ಲಿ ಒಂದು ಅಕ್ಷರದ ವ್ಯತ್ಯಾಸ, ನೆಲದಲ್ಲಿ ರಾಜಕಾಲುವೆ ಉಳಿಯುತ್ತೋ ಇಲ್ಲವೋ ಅನ್ನುವಷ್ಟು ವ್ಯತ್ಯಾಸ.

1964ರ ಭೂ ಕಂದಾಯ ಕಾಯ್ದೆ ಕೂಡ ಇದೇ ದಾರಿಯಲ್ಲಿ ನಡೆಯಿತು. ಅದರ 71ನೇ ಕಲಮಿನ ಪ್ರಕಾರ ಸರ್ಕಾರಿ ಭೂಮಿಯನ್ನು ಊರ ದನಗಳ ಮೇವಿಗೆ, ಇತರ ಸಾರ್ವಜನಿಕ ಕೆಲಸಗಳಿಗೆ ಮೀಸಲಿಡಬಹುದು. 1966ರ ನಿಯಮಗಳಲ್ಲಿ 97ನೇ ನಿಯಮ ಲೆಕ್ಕವನ್ನೂ ಕೊಡುತ್ತದೆ: ಪ್ರತಿ 100 ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ. ಒಂದು ಕ್ಷಣ ಯೋಚಿಸಿ. ಬಯಲಿನ ಅಳತೆಯನ್ನು ದನಗಳ ತಲೆ ಎಣಿಸಿ ಹಾಕಿದ್ದಾರೆ! ಹಳ್ಳಿ ಹಳ್ಳಿಯಾಗಿದ್ದಷ್ಟು ದಿನ ಇದು ಸರಿಯೇ. ದನ ಕಮ್ಮಿಯಾದಾಗ ಏನು? 'ದನಗಳಿಲ್ಲ, ಹಾಗಾದರೆ ಈ ಗೋಮಾಳ ಹೆಚ್ಚುವರಿ' ಅಂತಾಯಿತು. ಆ ಬಯಲಿನಿಂದ ಕೆರೆಗೆ ನೀರು ಹರಿಯುತ್ತದೆ ಅನ್ನುವ ಲೆಕ್ಕ ಆ ನಿಯಮದಲ್ಲಿ ಇಲ್ಲ.

ಗೋಮಾಳ ಕರಗಿದ್ದಕ್ಕೆಲ್ಲ ದುರಾಸೆಯೇ ಕಾರಣ ಅನ್ನುವುದೂ ತಪ್ಪು. ಭೂಮಿ ಇಲ್ಲದವರಿಗೆ, ಅದರಲ್ಲೂ ದಲಿತ ಕುಟುಂಬಗಳಿಗೆ, ನಾಲ್ಕು ಗುಂಟೆಯಾದರೂ ಸ್ವಂತ ನೆಲ ಸಿಕ್ಕಿದ್ದು ಇಂಥ ಸರ್ಕಾರಿ ಭೂಮಿಯ ಗ್ರಾಂಟಿನಿಂದಲೇ. ಆ ಜಮೀನನ್ನು ಉಳ್ಳವರು ಬರೆಸಿಕೊಳ್ಳಬಾರದು ಅಂತ 1978ರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಭೂಮಿ ಪರಭಾರೆ ನಿಷೇಧ ಕಾಯ್ದೆ ಬಂತು. 1991ರಲ್ಲಿ ಕಂದಾಯ ಕಾಯ್ದೆಗೆ 94-ಎ ಸೇರಿ ಬಗರ್ ಹುಕುಂ ಸಾಗುವಳಿ ಸಕ್ರಮಕ್ಕೆ ದಾರಿಯಾಯಿತು. ಪಟ್ಟಣಗಳ ಸುತ್ತ ಇಂತಿಷ್ಟು ದೂರದೊಳಗಿನ ಜಮೀನನ್ನು ಹಾಗೆ ಸಕ್ರಮ ಮಾಡಬಾರದು ಅಂತ ಅಲ್ಲೇ ಒಂದು ಷರತ್ತೂ ಇದೆ. ಬಡವನ ಎರಡು ಎಕರೆ ಬೇರೆ, ಅದನ್ನು ಅಗ್ಗಕ್ಕೆ ಕೊಂಡು ಲೇಔಟು ಮಾಡುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

*

ಇದು ಹಳ್ಳಿಯ ಕಡೆಯ ಕಥೆ. ಪಟ್ಟಣದ ಕಡೆ ಇನ್ನೊಂದು ಕಥೆ ನಡೆಯುತ್ತಿತ್ತು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆಯಿಂದ ಜನ ಹೊರಗೆ ಹೋಗಲಿ ಅಂತ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಹುಟ್ಟಿದವು. ಗಾಳಿ ಬೆಳಕು ಬರುವ ಖಾಲಿ ಜಾಗ ಆರೋಗ್ಯಕ್ಕೆ ಬೇಕು ಅನ್ನುವುದು ಆಗ ಹೆಣಗಳನ್ನು ನೋಡಿ ಕಲಿತ ಪಾಠ. 1915ರಲ್ಲಿ ಬೊಂಬಾಯಿ ಪ್ರಾಂತ್ಯದಲ್ಲಿ ದೇಶದ ಮೊದಲ ನಗರ ಯೋಜನಾ ಕಾಯ್ದೆ ಬಂತು. ನಮ್ಮಲ್ಲಿ 1945ರಲ್ಲಿ ಬೆಂಗಳೂರು ನಗರಾಭಿವೃದ್ಧಿ ಕಾಯ್ದೆ, ಆಮೇಲೆ ಇಡೀ ರಾಜ್ಯಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಜಾರಿಗೆ ಬಂದದ್ದು 1965ರ ಜನವರಿಯಲ್ಲಿ.

ಪಟ್ಟಣಗಳ ಮಟ್ಟಿಗೆ ಇವತ್ತಿಗೂ ಮುಖ್ಯವಾದ ಕಾಯ್ದೆ ಇದೇ. ಇದರ ಪ್ರಕಾರ ಊರಿಗೊಂದು ಮಾಸ್ಟರ್ ಪ್ಲಾನ್ ಆಗಬೇಕು. ಊರನ್ನು ವಲಯಗಳಾಗಿ ವಿಂಗಡಿಸಬೇಕು. ಮನೆಗೆ ಹಳದಿ, ಅಂಗಡಿಗೆ ನೀಲಿ, ಕಾರ್ಖಾನೆಗೆ ನೇರಳೆ, ಸರ್ಕಾರಿ ಕಟ್ಟಡಕ್ಕೆ ಕೆಂಪು, ಪಾರ್ಕು ಮೈದಾನಕ್ಕೆ ಹಸಿರು. ಯಾವ ಬಣ್ಣದಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಅನ್ನುವುದೇ ವಲಯ ನಿಯಮ. ಓದಿದರೆ ಬಹಳ ಚೆನ್ನಾಗಿದೆ.

ಈಗ ಅದೇ ಕಾಯ್ದೆಯ 69ನೇ ಕಲಮಿಗೆ ಬನ್ನಿ. ಖಾಸಗಿಯವರ ಜಮೀನಿಗೆ ನಕ್ಷೆಯಲ್ಲಿ ಹಸಿರು ಬಳಿದರೆ ಸಾಲದು, ಯೋಜನಾ ಪ್ರಾಧಿಕಾರ ಅದನ್ನು ಕೊಳ್ಳಬೇಕು. ಐದು ವರ್ಷದೊಳಗೆ ಒಪ್ಪಂದದಿಂದ ಕೊಳ್ಳದಿದ್ದರೆ ಅಥವಾ ಭೂಸ್ವಾಧೀನ ಶುರು ಮಾಡದಿದ್ದರೆ ಆ ಮೀಸಲಾತಿ ತಾನಾಗಿಯೇ ಬಿದ್ದುಹೋಗುತ್ತದೆ! ಇದನ್ನು ಮೊದಲ ಸಲ ಓದಿದಾಗ ನನಗೆ ನಂಬಲಾಗಲಿಲ್ಲ, ಮತ್ತೆ ಓದಿದೆ. ಹಾಗೇ ಇದೆ.

ಇದರಲ್ಲಿ ನ್ಯಾಯವೂ ಇದೆ ಅನ್ನಿ. ಒಬ್ಬ ರೈತನ ಎರಡು ಎಕರೆಗೆ ಹಸಿರು ಬಳಿದು, ದುಡ್ಡೂ ಕೊಡದೆ, ಕಟ್ಟಲೂ ಬಿಡದೆ, ಇಪ್ಪತ್ತು ವರ್ಷ ಕೂರಿಸಿದರೆ ಅವನು ಏನು ಮಾಡಬೇಕು? ತಪ್ಪು ಕಲಮಿನದ್ದಲ್ಲ. ಸಣ್ಣ ಪುರಸಭೆ, ನಗರಸಭೆಗಳ ಕೈಯಲ್ಲಿ ಪಾರ್ಕಿಗೆ ಜಮೀನು ಕೊಳ್ಳುವಷ್ಟು ದುಡ್ಡು ಎಲ್ಲಿಂದ ಬರಬೇಕು? ಸಂಬಳ, ಬೀದಿದೀಪ, ನೀರಿನ ಟ್ಯಾಂಕರಿಗೇ ಸಾಲುವುದಿಲ್ಲ. ಅದೂ ಅಲ್ಲದೆ 14-ಎ ಕಲಮಿನ ಪ್ರಕಾರ ಒಂದು ವಲಯವನ್ನು ಇನ್ನೊಂದಕ್ಕೆ ಬದಲಾಯಿಸಿಕೊಡಿ ಅಂತ ಅರ್ಜಿಯನ್ನೂ ಹಾಕಬಹುದು.

ಲಂಡನ್ನಿನ ಕಥೆ ಇಲ್ಲಿ ನೆನಪಾಗುತ್ತದೆ. ನಗರದ ಸುತ್ತ ಹಸಿರು ಪಟ್ಟಿ ಅಂದರೆ ಎಲ್ಲರೂ ಲಂಡನ್ ಕಡೆ ಕೈ ತೋರಿಸುತ್ತಾರಲ್ಲ, ಅವರು ಶುರು ಮಾಡಿದ್ದು ಬಣ್ಣದಿಂದಲ್ಲ. 1938ರ ಹಸಿರು ಪಟ್ಟಿ ಕಾಯ್ದೆಯಡಿ ಅಲ್ಲಿನ ಸ್ಥಳೀಯ ಸಂಸ್ಥೆಗಳು ಹೊರವಲಯದ ಜಮೀನನ್ನು ದುಡ್ಡು ಕೊಟ್ಟು ಕೊಂಡವು, ಇಲ್ಲವೇ ಮಾಲೀಕರ ಜತೆ ಪತ್ರ ಮಾಡಿಕೊಂಡವು. ನಕ್ಷೆಯ ಬಲದಿಂದಲೇ ಕಟ್ಟಡ ತಡೆಯುವ ದೊಡ್ಡ ಅಧಿಕಾರ ಬಂದದ್ದು 1947ರ ಕಾಯ್ದೆಯಿಂದ. ಮೊದಲು ಪತ್ರ, ಆಮೇಲೆ ಬಣ್ಣ. ಬೆಂಗಳೂರಿನವರು ಬಣ್ಣದಿಂದಲೇ ಶುರು ಮಾಡಿದರು. 1984ರ ಯೋಜನೆಯಲ್ಲಿ ನಗರದ ಸುತ್ತ ದೊಡ್ಡ ಹಸಿರು ಪಟ್ಟಿ ಇತ್ತು. 1995ರ ಯೋಜನೆಯಲ್ಲಿ ಅದು ಸಣ್ಣದಾಯಿತು. 2007ರಲ್ಲಿ ಒಪ್ಪಿಗೆ ಸಿಕ್ಕ ಯೋಜನೆಯಲ್ಲಿ ಊರು ಇನ್ನೂ ಹೊರಗೆ ಚಾಚಿತು. ಪ್ರತಿ ಸಲ ಗೆರೆ ಹಿಂದೆ ಸರಿಯಿತು.

*

ಹಾಗಾದರೆ ಕಾನೂನಿನಿಂದ ಏನೂ ಉಳಿದೇ ಇಲ್ಲವೇ? ಉಳಿದಿದೆ. ಅದಕ್ಕೆ ಒಳ್ಳೆಯ ಉದಾಹರಣೆ ಬೆಂಗಳೂರಿನ ಸದಾಶಿವನಗರದ್ದು.

ರಾಜಮಹಲ್ ವಿಲಾಸ ಬಡಾವಣೆಯ ಯೋಜನೆಯಲ್ಲಿ ಒಂದು ಜಾಗ ಸಾರ್ವಜನಿಕ ಪಾರ್ಕಿಗೆ ಅಂತ ಮೀಸಲಾಗಿತ್ತು. ಅದನ್ನು ಮುಖ್ಯಮಂತ್ರಿಯ ಸೂಚನೆಯ ಮೇರೆಗೆ ನರ್ಸಿಂಗ್ ಹೋಮ್ ಕಟ್ಟಲು ಒಂದು ಖಾಸಗಿ ಟ್ರಸ್ಟಿಗೆ ಹಂಚಲಾಯಿತು. ಬಡಾವಣೆಯ ನಿವಾಸಿಗಳು ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣ ಅಂತ ಇದು ಪ್ರಸಿದ್ಧ. 1991ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಟಿ.ಕೆ. ತೊಮ್ಮೆನ್ ಮತ್ತು ಆರ್.ಎಂ. ಸಹಾಯ್ ನಿವಾಸಿಗಳ ಪರವಾಗಿ ತೀರ್ಪು ಕೊಟ್ಟರು.

ಟ್ರಸ್ಟಿನ ವಾದವನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಅಲ್ಲವೇ, ಪಾರ್ಕಿಗಿಂತ ಆಸ್ಪತ್ರೆ ಹೆಚ್ಚು ಉಪಯೋಗವಲ್ಲವೇ ಅಂತ. ಕೋರ್ಟು ಹೇಳಿದ್ದರ ಸಾರ ಇಷ್ಟು: ಪಾರ್ಕು ಎಲ್ಲರದು, ಖಾಸಗಿ ನರ್ಸಿಂಗ್ ಹೋಮ್ ದುಡ್ಡು ಕೊಡಬಲ್ಲವರದು. ಯೋಜನೆಯನ್ನು ಬದಲಿಸುವ ಅಧಿಕಾರವನ್ನು ಕಾನೂನು ಯಾರಿಗೆ ಕೊಟ್ಟಿದೆಯೋ ಅವರು ಮಾತ್ರ, ಜನರ ಒಳಿತು ನೋಡಿ, ಬದಲಿಸಬೇಕು. ಮೇಲಿನಿಂದ ಬಂದ ಸೂಚನೆಗೆ ತಲೆಯಾಡಿಸುವುದಲ್ಲ. ಪಾರ್ಕ್ ಕಳೆದುಕೊಳ್ಳುವ ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ.

ಈ ಮಧ್ಯೆ ಎರಡು ಒಳ್ಳೆಯ ಕೆಲಸಗಳಾದವು. 1984ರಲ್ಲಿ ಬಿ.ಡಿ.ಎ. ಕಾಯ್ದೆಗೆ 38-ಎ ಕಲಮು ಸೇರಿ, ಪಾರ್ಕಿಗೆ ಮೀಸಲಾದ ಜಾಗವನ್ನು ಬೇರೆ ಕೆಲಸಕ್ಕೆ ಮಾರುವುದು, ಕೊಡುವುದು ನಿಷಿದ್ಧವಾಯಿತು. 1985ರಲ್ಲಿ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆ ಬಂತು. ಇದರ ಉಪಾಯ ಬಹಳ ಸರಳ. ಸ್ಥಳೀಯ ಸಂಸ್ಥೆ ತನ್ನ ಪಾರ್ಕು, ಮೈದಾನ, ಬಯಲುಗಳ ಪಟ್ಟಿ ಮಾಡಬೇಕು. ಪಟ್ಟಿಯಲ್ಲಿ ಇರುವುದನ್ನು ಸರ್ಕಾರದ ಒಪ್ಪಿಗೆ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ.

ಸದಾಶಿವನಗರದವರು ಗೆದ್ದದ್ದು ಯಾಕೆ ಅಂತ ಯೋಚಿಸಿ. ಆ ಬಡಾವಣೆ ಸರ್ಕಾರವೇ ಭೂಮಿ ಕೊಂಡು ಮಾಡಿದ್ದು, ಹಾಗಾಗಿ ಪಾರ್ಕು ಬರೀ ಬಣ್ಣವಾಗಿರಲಿಲ್ಲ. ಒಪ್ಪಿಗೆ ಪಡೆದ ಯೋಜನೆಯ ಕಾಗದ ಇತ್ತು. ಆ ಕಾಗದ ಹಿಡಿದುಕೊಂಡು ಕೋರ್ಟಿಗೆ ಹೋಗುವ ನಿವಾಸಿಗಳಿದ್ದರು. ಸರ್ಕಾರದ ಹೆಸರಿನ ಜಾಗ, ಕಾಗದ, ಕೇಳುವ ಜನ. ಮೂರರಲ್ಲಿ ಒಂದು ಇಲ್ಲದಿದ್ದರೂ ಇವತ್ತು ಅಲ್ಲಿ ನರ್ಸಿಂಗ್ ಹೋಮ್ ಇರುತ್ತಿತ್ತು.

*

ಈಗ ಮತ್ತೆ ನಮ್ಮೂರಿಗೆ ಬರೋಣ. 2007ರಲ್ಲಿ ಜಿಲ್ಲೆಯಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಹೆದ್ದಾರಿ ಅಗಲವಾಯಿತು, ಬೆಂಗಳೂರು ನಂದಿ ಬೆಟ್ಟದ ಬುಡಕ್ಕೆ ಬಂದಂತಾಯಿತು. 2011ರ ಜನಗಣತಿ ಹೊತ್ತಿಗೆ ಚಿಂತಾಮಣಿ ಸುಮಾರು 76 ಸಾವಿರ, ಚಿಕ್ಕಬಳ್ಳಾಪುರ 63 ಸಾವಿರ, ಶಿಡ್ಲಘಟ್ಟ 51 ಸಾವಿರ, ಗೌರಿಬಿದನೂರು 38 ಸಾವಿರ ಜನರ ಊರು. ಬೆಂಗಳೂರಿನ ಒಂದೊಂದು ಬಡಾವಣೆಯಷ್ಟೇ. ಅಂದರೆ ತಿದ್ದಿಕೊಳ್ಳುವುದಕ್ಕೆ ಇನ್ನೂ ಕಾಲ ಮಿಂಚಿಲ್ಲ.

ಹೊಸ ಲೇಔಟು ಕಾನೂನು ಪ್ರಕಾರ ಆದರೆ ಅದರಲ್ಲಿ ಪಾರ್ಕಿಗೆ, ನಾಗರಿಕ ಸೌಲಭ್ಯಕ್ಕೆ ಜಾಗ ಬಿಡಲೇಬೇಕು. ಖಾಸಗಿ ಲೇಔಟಿನಲ್ಲಿ ಪಾರ್ಕಿಗೆ ಸಾಮಾನ್ಯವಾಗಿ ನೂರಕ್ಕೆ ಹತ್ತು ಭಾಗ. ಬಿಟ್ಟರೆ ಮುಗಿಯಲಿಲ್ಲ, ಆ ಪಾರ್ಕು ಮತ್ತು ರಸ್ತೆಗಳನ್ನು ಪುಕ್ಕಟೆಯಾಗಿ ಪ್ರಾಧಿಕಾರಕ್ಕೋ ಸ್ಥಳೀಯ ಸಂಸ್ಥೆಗೋ ಪತ್ರ ಮಾಡಿ ಬಿಟ್ಟುಕೊಡಬೇಕು. ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಇಲ್ಲಿದೆ! ಪಾರ್ಕು 'ಪಾರ್ಕೇ' ಅಲ್ಲ. ಆ ಪತ್ರ ಆಗಿದ್ದರೆ ಅದು ಊರಿನದು, ಆಗದಿದ್ದರೆ ಅದು ಇನ್ನೂ ಲೇಔಟ್ ಮಾಡಿದವನದೇ. ಇವತ್ತು ಹಸಿರು ತ್ರಿಕೋನ, ನಾಳೆ ಅದನ್ನೇ ಕತ್ತರಿಸಿ ಎರಡು ಸೈಟು ಮಾಡಬಹುದು. ಇನ್ನು ಹೊಲವನ್ನೇ ತುಂಡು ಮಾಡಿ ಮಾರುವ ಕಂದಾಯ ಸೈಟುಗಳಲ್ಲಿ ಪಾರ್ಕಿನ ಮಾತೇ ಇಲ್ಲ.

ಕೆರೆಗಳ ವಿಷಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬೆಂಗಳೂರಿನ ಕೆರೆಗಳನ್ನು ಒಡೆದು ಸೈಟು ಮಾಡಬೇಡಿ, ಕೆರೆಯಾಗಿಯೇ ಉಳಿಸಿ ಅಂತ ಎನ್. ಲಕ್ಷ್ಮಣರಾವ್ ಸಮಿತಿ 1986ರಲ್ಲೇ ಹೇಳಿತ್ತು. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್ ಕೆರೆಯ ಸುತ್ತ 30 ಮೀಟರ್, ರಾಜಕಾಲುವೆಗಳಿಗೆ ದೊಡ್ಡದು ಚಿಕ್ಕದು ನೋಡಿ 50, 25, 15 ಮೀಟರ್ ಬಿಡಬೇಕು ಅಂದಿತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಅಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಏರಿಕೆಯನ್ನು ರದ್ದು ಮಾಡಿತು: ಶಾಸನಬದ್ಧ ಯೋಜನೆಯಲ್ಲಿ ಬರೆದದ್ದನ್ನು ನ್ಯಾಯಮಂಡಳಿ ಬದಲಿಸುವಂತಿಲ್ಲ ಅಂತ. ತೀರ್ಪು ಕೆಲವರಿಗೆ ಬೇಸರ ತಂದಿತು. ನನಗೆ ಅದರಲ್ಲಿ ಒಂದು ಪಾಠ ಕಾಣಿಸಿತು. ಏನು ಬೇಕಿದ್ದರೂ ಯೋಜನೆ ಬರೆಯುವಾಗಲೇ ಬರೆಸಬೇಕು. ಮಾಸ್ಟರ್ ಪ್ಲಾನಿನ ಕರಡು ಪ್ರಕಟವಾಗಿ ಆಕ್ಷೇಪಣೆ ಕರೆದಾಗ ನಾವು ಯಾರೂ ಆಫೀಸಿನ ಕಡೆ ತಲೆ ಹಾಕುವುದಿಲ್ಲ. ಹೋಗುವವರು ಸೈಟು ಮಾಡುವವರು ಮಾತ್ರ.

ಈ ನಡುವೆ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಕಂದವಾರ ಕೆರೆಗೂ, ಜಿಲ್ಲೆಯ ಇತರ ಕೆರೆಗಳಿಗೂ ಬಂದಿದೆ. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕು ಅನ್ನುವ ಹೋರಾಟಗಾರರ ಮಾತು ಒಂದು ಕಡೆ ಇರಲಿ. ನನಗಿರುವ ಭಯ ಬೇರೆ. ಕೊಳವೆಯಲ್ಲಿ ನೀರು ಬರುತ್ತದೆ ಅಂತಾದ ಮೇಲೆ ಮೇಲಿನ ಬಯಲು ಯಾರಿಗೆ ಬೇಕು? ಕೊಳವೆಯ ನೀರು ಬೆಂಗಳೂರಿನ ದಯೆ. ಬಯಲಿನ ನೀರು ನಮ್ಮದು.

ಬಯಲಿನ ಇನ್ನೊಂದು ಉಪಯೋಗವನ್ನೂ ಮರೆಯಬಾರದು. ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಜನ ಅಲ್ಲಿ ಸೇರಿದ್ದು ಯಾಕೆ? ಸೇರುವುದಕ್ಕೆ ಎಲ್ಲರದೂ ಆದ ಒಂದು ಜಾಗ ಇತ್ತು. ಎಲ್ಲವೂ ಸೈಟಾದ ಊರಿನಲ್ಲಿ ನಾಲ್ಕು ಜನ ನಿಂತು ಮಾತಾಡಲೂ ಬಾಡಿಗೆ ಕೊಡಬೇಕು.

*

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಹಳೆಯ ಕಾಲದಲ್ಲಿ ಬಯಲನ್ನು ಕಾದದ್ದು ಅದರಿಂದ ಬದುಕುತ್ತಿದ್ದ ಜನ. ಆ ಜನ ಹೋದರು, ಹೋಗಲಿ, ಆ ವ್ಯವಸ್ಥೆಯ ಅನ್ಯಾಯವೂ ಅವರ ಜತೆಗೇ ಹೋಗಲಿ. ಅವರ ಜಾಗಕ್ಕೆ ಬಂದದ್ದು ನಕ್ಷೆಯ ಹಸಿರು ಬಣ್ಣ. ಬಣ್ಣಕ್ಕೆ ಕಣ್ಣಿಲ್ಲ, ಕೈಯಿಲ್ಲ, ಅದರ ಮೇಲೆ ಐದು ವರ್ಷದ ಗಡುವು ಬೇರೆ. ಬಣ್ಣ ಉಳಿಯಬೇಕಾದರೆ ಅದರ ಹಿಂದೆ ಒಂದು ಪತ್ರ ಇರಬೇಕು, ಆ ಪತ್ರ ಎಲ್ಲಿದೆ ಅಂತ ಕೇಳುವ ನಾಲ್ಕು ಜನ ಇರಬೇಕು. ಕೇಳುವುದಕ್ಕೆ ಈಗ ಕಷ್ಟವೇನಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಒಂದು ಅರ್ಜಿ ಸಾಕು. ನಮ್ಮೂರಿನ ಪಾರ್ಕು, ಮೈದಾನಗಳ ಪಟ್ಟಿ ಕೊಡಿ. ಯಾವ ಯಾವ ಲೇಔಟಿನವರು ಪಾರ್ಕು ಬಿಟ್ಟುಕೊಟ್ಟ ಪತ್ರ ಮಾಡಿದ್ದಾರೆ, ಅದರ ನಕಲು ಕೊಡಿ. ಅಷ್ಟೇ.

ಚಿಕ್ಕಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಮಾರನೇ ದಿನವೇ ಹೋಗಿ ಲೇಔಟಿನ ಹುಡುಗನನ್ನು, "ಪಾರ್ಕಿನ ಪತ್ರ ತೋರ್ಸಪ್ಪಾ" ಅಂದರಂತೆ. ಅವನು ನಕ್ಕು, "ತಾತಾ, ಇದುವರೆಗೂ ಯಾರೂ ಕೇಳಿಲ್ಲ" ಅಂದನಂತೆ. ಮುಂದಿನ ವಾರ ತರ್ತೀನಿ ಅಂದವನು ಇನ್ನೂ ತಂದಿಲ್ಲ. ಚಿಕ್ಕಪ್ಪ ಮುಂಗಡ ಕೊಟ್ಟಿಲ್ಲ.

ನಿಮ್ಮೂರಿನಲ್ಲೂ ಒಂದು ಹಸಿರು ತ್ರಿಕೋನ ಇರಬೇಕಲ್ಲ? ಅದು ಯಾರ ಹೆಸರಲ್ಲಿದೆ, ಒಂದು ಸಲ ಕೇಳಿ ನೋಡಿ.